ಒಂದೇ ರಿಂಗಿಗೆ ಎತ್ತುವವಳು

ಅಕ್ಟೋಬರ್ 21, ಮಂಗಳವಾರ

ರಾತ್ರಿ ಮೂರೂಕಾಲು. ಗೋಡೆಯಾಚೆಯಿಂದ ಯಾರೋ ಗುನುಗುವ ಸದ್ದಿಗೆ ಎಚ್ಚರವಾಯಿತು. ಕತ್ತಲಲ್ಲೇ ಕೈ ಚಾಚಿ ತೊಟ್ಟಿಲು ತಡವಿದೆ. ಖಾಲಿ. ಎದ್ದು ಓಡಿದರೆ ಅಡುಗೆಮನೆಯಲ್ಲಿ ಸಿತ್ಲಾಲಿ ನಿಂತಿದ್ದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಹೆಗಲ ಮೇಲೆ ನನ್ನ ಮಗಳು. ಅಬ್ರಿಲ್ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿತ್ತು. ಹುಟ್ಟಿದಾಗಿನಿಂದ ನನ್ನ ಹೆಗಲ ಮೇಲೆ ಒಮ್ಮೆಯೂ ಹಾಗೆ ಮಲಗಿದ್ದಿಲ್ಲ.

"ಅಳ್ತಿತ್ತಾ?" ಎಂದೆ.

"ಇನ್ನೂ ಶುರು ಮಾಡಿರ್ಲಿಲ್ಲ. ಮುಖ ಹಿಂಡ್ತಿತ್ತು. ನೀನು ಆಗಷ್ಟೇ ಕಣ್ಣು ಮುಚ್ಚಿದ್ದೆ, ಅದಕ್ಕೇ ಎತ್ಕೊಂಡ್ ಬಂದೆ. ಹೋಗಿ ಮಲ್ಕೋ ಅತ್ತಿಗೆ. ನನಗೆ ಹೆಂಗೂ ನಾಳೆ ಪರೀಕ್ಷೆ."

ಮಗುವನ್ನು ಇಸಿದುಕೊಂಡೆ. ತಕ್ಷಣ ಕಿರುಚಿಕೊಂಡು ಎದ್ದಿತು. ಸಿತ್ಲಾಲಿ ಪುಸ್ತಕಕ್ಕೆ ಮುಖ ಹಾಕಿದಳು. ಏನಾದರೂ ಹೇಳಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಗಂಡನ ತಂಗಿ ಅಂದರೆ ಹಬ್ಬಕ್ಕೊಮ್ಮೆ ಬಂದು ಹೋಗುವವಳು ಅಂದುಕೊಂಡು ಮದುವೆಯಾದವಳು ನಾನು. ಇವಳು ಬಂದು ಮೂರನೇ ವರ್ಷ, ಪಕ್ಕದ ಕೋಣೆಯಲ್ಲೇ ಇದ್ದಾಳೆ. ನನ್ನ ಗಂಡ ಎಲಿಸೆಯೊಗೆ ಬಾದಾಮಿ ಸುಲಿಯುವ ಮಿಲ್ಲಿನಲ್ಲಿ ರಾತ್ರಿ ಪಾಳಿ. ಹಾಗಾಗಿ ರಾತ್ರಿಯೆಲ್ಲ ಈ ಮನೆಯಲ್ಲಿ ಎಚ್ಚರವಾಗಿರುವವರು ನಾವಿಬ್ಬರೇ. ಅವಳದು ಓದಿಗಾಗಿ, ನನ್ನದು ಸುಮ್ಮನೆ.

ನಿದ್ದೆ ಬಾರದಿದ್ದಾಗ ಬರೆದಿಡಮ್ಮಾ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದಳು. ಬರೆದಿದ್ದೇನೆ. ನಿದ್ದೆಯೇನೂ ಬರಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಇವತ್ತು ಎರಡು ಚೀಲ ಹೊತ್ತುಕೊಂಡು ಬಂದಳು. ಡಯಾಪರು, ಹಾಲಿನ ಪುಡಿಯ ಡಬ್ಬ, ಕಪ್ಪು ಬೀನ್ಸು.

"ಎಲ್ಲಿ ಕದ್ದೆ?"

"ಸೆಂಟರ್ ಕಪಾಟಿಂದ. ಮಗು ಇರೋರು ಬೇಕಾದ್ದು ತಗೊಳ್ಳಿ ಅಂತ ಬೋರ್ಡೇ ಹಾಕಿದಾರೆ."

"ಮಗು ಇರೋದು ನನಗೆ."

"ನಮ್ಮನೇಲಿದೆ ಅಂದೆ. ಯಾರೂ ತೊಟ್ಟಿಲು ತಂದು ತೋರ್ಸು ಅನ್ಲಿಲ್ಲ."

ಸೆಂಟರು, ಸೆಂಟರು, ಸೆಂಟರು. ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಈ ದೇಶದಲ್ಲಿರಲು ಕಾಗದವಿಲ್ಲದ ನಮ್ಮಂಥ ವಿದ್ಯಾರ್ಥಿಗಳಿಗೆಂದು ಕಾಲೇಜು ಒಂದು ಕೋಣೆಯನ್ನೇ ಬಿಟ್ಟುಕೊಟ್ಟಿದೆಯಂತೆ. ಸೋಫಾ ಇದೆಯಂತೆ. ಕಾಫಿ ಸದಾ ಬಿಸಿಯಿರುತ್ತದಂತೆ. ಲ್ಯಾಪ್‌ಟಾಪ್ ಕಡ ಕೊಡುತ್ತಾರೆ. ಮನಸ್ಸಿಗೆ ಸಂಕಟವಾದರೆ ಹೇಳಿಕೊಳ್ಳಲು ಮಂಗಳವಾರ ಒಬ್ಬರು ಬರುತ್ತಾರೆ, ಗುರುವಾರ ವಕೀಲರು ಬರುತ್ತಾರೆ, ಯಾವುದಕ್ಕೂ ದುಡ್ಡು ಕೇಳುವುದಿಲ್ಲ. ಹೋದ ತಿಂಗಳು ಎದೆಯ ಮೇಲೆ ಸೆಂಟರಿನ ಹೆಸರಿರುವ ದಪ್ಪನೆಯ ಸ್ವೆಟರ್ ಬೇರೆ ಕೊಟ್ಟರು. ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಾಳೆ.

ಅದೇ ಕಾಲೇಜಿನಲ್ಲಿ ನಾನೂ ನಾಲ್ಕು ವರ್ಷ ಓದಿದೆ. ಆಗ ನಮಗೆಂದು ಒಂದು ಕುರ್ಚಿಯೂ ಇರಲಿಲ್ಲ. ಫೀಸು ಕಟ್ಟುವ ಕಿಟಕಿಯ ಹೆಂಗಸು, ನನ್ನ ಹಿಂದೆ ಅಷ್ಟುದ್ದ ಸಾಲು ನಿಂತಿರುವಾಗ, "ನಿನಗೆ ಸೋಷಿಯಲ್ ನಂಬರೇ ಇಲ್ವಾ?" ಎಂದು ಗಟ್ಟಿಯಾಗಿ ಕೇಳಿದ್ದಳು. ಕಾಗದವಿದ್ದವರಿಗೆ ಮಾತ್ರ ಸರ್ಕಾರ ಕೊಡುವ ನಂಬರು ಅದು. ನಾನು ಮರೆತು ಬಂದೆ ಎಂದು ಹೇಳಿ ಸಾಲಿನಿಂದ ಹೊರಬಿದ್ದು, ಶೌಚಾಲಯದಲ್ಲಿ ಕೂತು ಊಟ ಮಾಡಿದ್ದೆ. ನಾಲ್ಕು ವರ್ಷ ಒಬ್ಬರಿಗೂ ಹೇಳಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳಿಗೂ ಕಾಗದವಿರಲಿಲ್ಲವೆಂದು ಗೊತ್ತಾದದ್ದು ಪದವಿ ಕೊಡುವ ದಿನ.

ಆ ಪದವಿಯ ಚೌಕಟ್ಟು ಅಡುಗೆಮನೆಯ ಫ್ಯೂಸ್ ಪೆಟ್ಟಿಗೆಯ ಮೇಲೆ ತೂಗುತ್ತಿದೆ. ಪೆಟ್ಟಿಗೆ ಅಸಹ್ಯವಾಗಿ ಕಾಣುತ್ತದೆ, ಮುಚ್ಚಿದ ಹಾಗಾಗುತ್ತದೆ ಎಂದು ಎಲಿಸೆಯೊನೇ ಅಲ್ಲಿ ಮೊಳೆ ಹೊಡೆದ. ಲೈಟು ಹೋದಾಗಲೆಲ್ಲ ನನ್ನ ಜೀವಶಾಸ್ತ್ರವನ್ನು ಇಳಿಸಿ ಸಿಂಕಿನ ಪಕ್ಕ ಒರಗಿಸುತ್ತಾನೆ.

ಡಯಾಪರ್ ಸರಿಯಾದ ಅಳತೆಯದೇ ತಂದಿದ್ದಾಳೆ. ಅದೂ ಸಿಟ್ಟು ತರಿಸಿತು.

ನವೆಂಬರ್ 2, ಭಾನುವಾರ

ಸತ್ತವರ ಹಬ್ಬ. ಬೆಳಿಗ್ಗೆ ಅತ್ತೆಯ ಫೋಟೋ ಇಟ್ಟು, ಚೆಂಡುಹೂವು ಹರಡಿ, ಅವರಿಗಿಷ್ಟವಾದ ಸಿಹಿ ರೊಟ್ಟಿ ಇಟ್ಟೆವು. ಅತ್ತೆಯನ್ನು ನಾನು ನೋಡಿಲ್ಲ. ಅವರು ಗಡಿಯಾಚೆ, ಊರಲ್ಲಿ, ಮಿಚೋಅಕಾನಿನಲ್ಲೇ ಉಳಿದರು, ಅಲ್ಲೇ ತೀರಿಕೊಂಡರು. ಹೋದರೆ ತಿರುಗಿ ಬರಲಾಗದೆಂದು ಇವರಿಬ್ಬರಿಗೂ ಮಣ್ಣಿಗೆ ಹೋಗಲಾಗಲಿಲ್ಲ. ಅಣ್ಣ ತಂಗಿ ಫೋಟೋದ ಮುಂದೆ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ನಾನು ಹಿಂದೆ ಕಾಫಿ ಹಿಡಿದು ನಿಂತಿದ್ದೆ.

ಊಟದ ಹೊತ್ತಿಗೆ ಎಲಿಸೆಯೊ ಗಂಟಲು ಸರಿಮಾಡಿಕೊಂಡ. "ಕ್ರಿಸ್‌ಮಸ್ಸಿಗೆ ಮುಂಚೆ ಅಬ್ರಿಲ್ ಜ್ಞಾನಸ್ನಾನ ಮಾಡಿಸ್ಬಿಡೋಣ. ಪಾದ್ರಿಗಳು ಕೇಳ್ತಿದ್ರು."

"ಮಾಡ್ಸೋಣ."

"ಮಾದ್ರಿನಾ ಯಾರು ಅಂತಾನೂ ಕೇಳಿದ್ರು."

ಆ ದಿನ ಮಗುವನ್ನು ನೀರಿನ ಮೇಲೆ ಎತ್ತಿ ಹಿಡಿಯುವವಳು ಮಾದ್ರಿನಾ. ಅಲ್ಲಿಗೇ ಮುಗಿಯುವುದಿಲ್ಲ. ನಮಗೇನಾದರೂ ಆದರೆ, ನಮ್ಮನ್ನು ಹಿಡಿದು ಗಡಿಯಾಚೆ ಕಳಿಸಿದರೆ, ಮಗು ಹೋಗುವುದು ಅವಳ ಮಡಿಲಿಗೆ. ಎಲಿಸೆಯೊ ಯಾರ ಹೆಸರನ್ನೂ ಹೇಳಲಿಲ್ಲ. ತಟ್ಟೆ ತೊಳೆಯುತ್ತಿದ್ದವಳ ಬೆನ್ನನ್ನು ನೋಡಿದ. ಸಿತ್ಲಾಲಿ ನಲ್ಲಿಯನ್ನು ಜೋರು ಮಾಡಿದಳು, ಕೇಳಿಸಲಿಲ್ಲ ಎನ್ನುವ ಹಾಗೆ.

"ನೋಡೋಣ" ಎಂದೆ.

ಅವಳು ಮಾದ್ರಿನಾ ಆದರೆ ನಾನು ಅವಳನ್ನು ಕೊಮಾದ್ರೆ, ಅಂದರೆ ಮಗುವಿನ ಜೊತೆತಾಯಿ, ಎಂದು ಕರೆಯಬೇಕು. ಹೋಗು ಬಾ ಎನ್ನುವುದೆಲ್ಲ ಆ ದಿನಕ್ಕೆ ಮುಗಿಯಿತು, ಆಮೇಲೆ ಹೋಗಿ ಬನ್ನಿ. ನಮ್ಮ ಕಡೆ ಸ್ವಂತ ಅಕ್ಕತಂಗಿಯರೂ ಹಾಗೇ ಮಾಡುತ್ತಾರೆ. ಒಂಬತ್ತು ವರ್ಷ ಚಿಕ್ಕವಳಿಗೆ, ನನ್ನ ಮಗಳನ್ನು ನನಗಿಂತ ಚೆನ್ನಾಗಿ ಮಲಗಿಸುವವಳಿಗೆ, ನಾನು ದಿನಾ ಬೆಳಿಗ್ಗೆ ಎದ್ದು ಮರ್ಯಾದೆ ಕೊಡಬೇಕು.

ನೋಡೋಣ.

ನವೆಂಬರ್ 6, ಗುರುವಾರ

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಗಲ ಮೇಲೆ ಮಗುವಿತ್ತು, ಸದ್ದಿಗೆ ಎದ್ದೀತೆಂದು ನೋಡದೆ ಎತ್ತಿಬಿಟ್ಟೆ.

"ಎವೆಲಿಯಾ ಅವರಾ ಮಾತಾಡ್ತಿರೋದು?"

ಗುರುತಿಲ್ಲದವರು ಹೆಸರು ಹಿಡಿದು ಕೇಳಿದರೆ ಹೌದೆನ್ನಬಾರದು. ಇದು ನಮ್ಮ ಮನೆಯ ನಿಯಮ ಮಾತ್ರವಲ್ಲ, ನಮ್ಮ ಬೀದಿಯ ಪ್ರತಿ ಮನೆಯ ನಿಯಮ. "ಆ ಹೆಸರಿನವರು ಯಾರೂ ಇಲ್ಲ" ಎಂದು ಇಟ್ಟೆ. ಮಧ್ಯಾಹ್ನವೆಲ್ಲ ಪರದೆ ಎಳೆದು ಕೂತೆ.

ನವೆಂಬರ್ 7

ಮತ್ತೆ. ಎತ್ತಲಿಲ್ಲ.

ನವೆಂಬರ್ 13, ಗುರುವಾರ

ಇವತ್ತು ಮಾತನ್ನು ರೆಕಾರ್ಡ್ ಮಾಡಿ ಬಿಟ್ಟಿದ್ದರು. "ಕಾಲೇಜಿನ ಸೆಂಟರಿನಿಂದ, ಸಿತ್ಲಾಲಿಯವರು ಈ ನಂಬರ್ ಕೊಟ್ಟಿದ್ದರು" ಎನ್ನುವಷ್ಟು ಕೇಳಿ ಅಳಿಸಿಹಾಕಿದೆ. ಮಿಕ್ಕದ್ದು ಕೇಳುವ ವ್ಯವಧಾನ ಇರಲಿಲ್ಲ. ಇಷ್ಟು ದಿನ ನಾನು ನಡುಗಿದ್ದು ಇವಳ ಸೆಂಟರಿಗಾಗಿ.

ಸಂಜೆ ಅವಳು ವ್ಯಾನಿನಿಂದ ಇಳಿದು ಒಳಗೆ ಕಾಲಿಡುತ್ತಿದ್ದಂತೆ ಹಿಡಿದೆ. "ನನ್ನ ಹೆಸರು, ನನ್ನ ನಂಬರು ಆಫೀಸಿನವರಿಗೆ ಕೊಡೋಕೆ ನಿನಗ್ಯಾರು ಹೇಳಿದ್ದು?"

"ಅದು ಆಫೀಸಲ್ಲ ಅತ್ತಿಗೆ, ಸೆಂಟರು."

"ಮೇಜು ಇದೆಯಾ? ಕಂಪ್ಯೂಟರ್ ಇದೆಯಾ? ಹೆಸರು ಬರ್ಕೋತಾರಾ? ಹಾಗಿದ್ರೆ ಆಫೀಸು."

"ನಿನಗೇ ಒಂದ್ಸಲ ಹೇಳ್ಬೇಕು ಅಂತಿದ್ದೆ, ನೀನು ಬೈತೀಯ ಅಂತ..."

"ನಿನಗೆ ಸೋಫಾ ಇದೆ, ವಕೀಲರಿದ್ದಾರೆ, ಹಿಡಿದ್ರೆ ಬೀದಿಗೆ ಬಂದು ಕೂಗೋಕೆ ಜನ ಇದಾರೆ. ನನಗ್ಯಾರಿದಾರೆ? ನನ್ನ ಹತ್ರ ಇರೋದು ಅಡಗಿಕೊಳ್ಳೋದೊಂದೇ. ಅದನ್ನೂ ಕಿತ್ಕೋಬೇಡ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಬ್ರಿಲ್ ಒಳಗಿಂದ ಅತ್ತಿತು. ಇಬ್ಬರೂ ಒಟ್ಟಿಗೇ ಬಾಗಿಲಿಗೆ ಹೋಗಿ ಭುಜಕ್ಕೆ ಭುಜ ತಾಗಿತು. ಸಿತ್ಲಾಲಿ ಹಿಂದೆ ಸರಿದಳು.

ಬರೆಯಲೇಬೇಕು, ಇಲ್ಲದಿದ್ದರೆ ಇದು ಒಳಗೇ ಕೊಳೆಯುತ್ತದೆ. ನನಗೆ ಅಬ್ರಿಲ್ ಮೇಲೂ ಹೊಟ್ಟೆಕಿಚ್ಚು. ಈ ಊರಿನ ಆಸ್ಪತ್ರೆಯಲ್ಲಿ ಹುಟ್ಟಿತು, ಹುಟ್ಟಿದ ದಿನವೇ ಅದಕ್ಕೆ ಕಾಗದ ಬಂತು. ಹಾಲು ಕುಡಿಯುವ ಕೂಸಿನ ಮೇಲೆ ಕರುಬುವ ತಾಯಿ ಇನ್ನೊಬ್ಬಳಿರಲಾರಳು.

ನವೆಂಬರ್ 14, ಶುಕ್ರವಾರ

ದೋನ್ ಚೆಮಾನ ಅಂಗಡಿಗೆ ಹೋಗಿ ನಂಬರ್ ಬದಲಿಸಿದೆ. ಫೋನು ಮಾರುತ್ತಾನೆ, ಊರಿಗೆ ಹಣ ಕಳಿಸಿಕೊಡುತ್ತಾನೆ, ಜೊತೆಗೆ ಜೋಳದ ಹಿಟ್ಟಿನ ಟಮಾಲೆಯನ್ನೂ ಮಾರುತ್ತಾನೆ. ಕಾರಣ ಕೇಳುವ ಅಭ್ಯಾಸ ಅವನಿಗಿಲ್ಲ. ನಮ್ಮಲ್ಲಿ ನಂಬರ್ ಬದಲಿಸುವುದು ಅಂಗಿ ಬದಲಿಸಿದ ಹಾಗೆ.

"ಹಳೇದು ಇಟ್ಕೋತೀಯಾ ಮಗಳೇ? ಸ್ವಲ್ಪ ಕಟ್ಟಿದ್ರೆ ಎರಡೂ ಇರುತ್ತೆ."

"ಬೇಡ, ಸಾಯ್ಲಿ."

ವಾಟ್ಸಾಪ್ ಮಾತ್ರ ಹಳೆಯದರ ಮೇಲೇ ಓಡುತ್ತಿದೆ, ಹಾಗಾಗಿ ಸಿತ್ಲಾಲಿಗೆ ಗೊತ್ತಾಗುವುದಿಲ್ಲ. ಎಲಿಸೆಯೊಗೆ ಹೊಸದು ಕೊಟ್ಟೆ. ಅವಳಿಗೆ ಕೊಡಲಿಲ್ಲ. ಕೇಳಿದರೆ ಕೊಟ್ಟರಾಯಿತು. ಹಳೆಯದು ಏನಿತ್ತೆಂದು ಬರೆದಿಡೋಣವೆಂದು ನೋಡಿದರೆ ನನಗೇ ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಇಟ್ಟುಕೊಂಡ ನಂಬರು. ನನಗೆ ನಾನು ಯಾವತ್ತು ಫೋನ್ ಮಾಡಿಕೊಂಡಿದ್ದೇನೆ.

ನೆಮ್ಮದಿಯಾಯಿತು. ನಿದ್ದೆ ಬರಲಿಲ್ಲ.

ನವೆಂಬರ್ 27, ಗುರುವಾರ

ಇವತ್ತು ಈ ದೇಶದವರ ಹಬ್ಬ. ಟರ್ಕಿ ಕೋಳಿಯನ್ನು ನಮ್ಮ ಮೋಲೆ ಸಾರಿನಲ್ಲಿ ಬೇಯಿಸಿದೆವು. ಅಬ್ರಿಲ್ ಇವತ್ತು ಮೊದಲ ಸಲ ಚಪ್ಪಾಳೆ ತಟ್ಟಿತು. ಯಾರನ್ನು ನೋಡಿ ಎಂದು ಬರೆಯುವುದಿಲ್ಲ.

ರಾತ್ರಿ ಮಗು ರಚ್ಚೆ ಹಿಡಿಯಿತು. ಸಿತ್ಲಾಲಿ ಗೆಳತಿಯ ಮನೆಗೆ ಹೋಗಿದ್ದಳು. ನಾನು ಅವಳ ಆ ಗುನುಗನ್ನೇ ಹಾಡಲು ನೋಡಿದೆ. ರಾಗ ಅರ್ಧ ಬಂತು. ಪದ ಗೊತ್ತಿಲ್ಲ. ಗೋಡೆಯಾಚೆಯಿಂದ ಕೇಳಿದ್ದು ಬರೀ ಅಂಕಿಗಳ ಹಾಗೆ, ಕೊನೆಯಲ್ಲಿ "ಏಳು, ಏಳು, ಸೊನ್ನೆ, ನಾಲ್ಕು" ಎಂದು ಇಳಿಯುತ್ತದೆ. ರಸಾಯನಶಾಸ್ತ್ರದ ಲೆಕ್ಕ ಬಾಯಿಪಾಠ ಮಾಡುತ್ತಾಳೋ ಏನೋ. ಲೆಕ್ಕ ಹೇಳಿಯೂ ನನ್ನ ಮಗಳನ್ನು ಮಲಗಿಸಬಲ್ಲಳು. ಅಷ್ಟನ್ನೇ ಹಾಡಿದೆ. ಅಬ್ರಿಲ್ ಅಳು ನಿಲ್ಲಿಸಿ ನನ್ನ ಬಾಯನ್ನೇ ನೋಡಿತು, ತಪ್ಪು ಹಾಡುತ್ತಿದ್ದೀಯ ಎನ್ನುವ ಹಾಗೆ.

ಅವಳು ಬರುವವರೆಗೆ ಬಾಗಿಲಿಗೆ ಚಿಲಕ ಹಾಕಲಿಲ್ಲ. ಮತ್ತೆ ಎದ್ದು ತೆಗೆಯುವವರು ಯಾರು. ಅವಳ ಪಾಲಿನ ಮೋಲೆಯನ್ನೂ ಒಲೆಯ ಮೇಲೆಯೇ ಬಿಟ್ಟೆ. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ.

ಡಿಸೆಂಬರ್ 4, ಗುರುವಾರ

ಸಿತ್ಲಾಲಿ ಪ್ರಯೋಗಾಲಯದ ಕನ್ನಡಕ ಮರೆತು ಹೋಗಿದ್ದಳು. ಅದಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ನನಗೆ ಗೊತ್ತು. ಅಬ್ರಿಲ್ ಅನ್ನು ಎದೆಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಮೊದಲು ಕನ್ನಡಕ ಕೊಡುವ ಬದಲು ಆ ಕೋಣೆ ಎಲ್ಲಿದೆಯೆಂದು ಹುಡುಕಿಕೊಂಡು ಹೋದೆ. ನೋಡಿಬಿಡೋಣ ಎಂದು, ಅಷ್ಟೇ.

ಗ್ರಂಥಾಲಯದ ಕೆಳಗೆ, ಮೊದಲು ಹಳೆಯ ಕುರ್ಚಿಗಳನ್ನು ತುಂಬಿಡುತ್ತಿದ್ದ ಜಾಗ. ಗಾಜಿನ ಬಾಗಿಲು. ಮರೆಮಾಚುವಂಥದ್ದು ಏನೂ ಇಲ್ಲ. ಒಬ್ಬ ಹುಡುಗಿ ಸೋಫಾದ ಮೇಲೆ ಮಲಗಿದ್ದಳು, ಬೂಟು ಬಿಚ್ಚಿಟ್ಟು, ಹಗಲು ಹೊತ್ತಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ. ಕಾಫಿಯಲ್ಲ, ವಕೀಲರಲ್ಲ, ನನ್ನ ಹೊಟ್ಟೆ ಉರಿದದ್ದು ಆ ಬೆನ್ನನ್ನು ನೋಡಿ. ಬಾಗಿಲಿಗೆ ಬೆನ್ನು ಮಾಡಿ ಮಲಗುವುದು ಹೇಗಿರುತ್ತದೆ.

ಬಾಗಿಲು ತೆರೆದು ಹೆಂಗಸೊಬ್ಬರು ಬಂದರು. ನರೆತ ಕೂದಲನ್ನು ಪೆನ್ಸಿಲ್ ಚುಚ್ಚಿ ಕಟ್ಟಿದ್ದರು. "ಬನ್ನಿ ಒಳಗೆ. ಪಾಪುಗೆ ಬೆಚ್ಚಗಾಗುತ್ತೆ. ನಾನು ಗ್ರಾಸಿಯೆಲಾ, ಈ ಸೆಂಟರ್ ನೋಡ್ಕೊಳ್ಳೋಳು. ತಮ್ಮ ಹೆಸರು?"

"ದಾರಿ ತಪ್ಪಿ ಬಂದೆ."

"ದಾರಿ ತಪ್ಪಿ ಬಂದೋರಿಗೂ ಕಾಫಿ ಕೊಡ್ತೀವಿ."

ನಾನು ಹೊರಟುಬಂದೆ. ಕನ್ನಡಕ ಚೀಲದಲ್ಲೇ ಉಳಿದಿತ್ತು, ಮತ್ತೆ ಅರ್ಧ ದಾರಿಯಿಂದ ತಿರುಗಿ ಹೋಗಿ ಪ್ರಯೋಗಾಲಯದ ಬಾಗಿಲಲ್ಲಿ ಕೊಟ್ಟೆ. ಸಿತ್ಲಾಲಿ ಗೆಳತಿಯರ ಎದುರಿಗೇ ನನ್ನ ಕೆನ್ನೆಗೆ ಮುತ್ತಿಟ್ಟು, "ಇವಳು ನಮ್ಮತ್ತಿಗೆ, ಬಯಾಲಜಿ, ಇದೇ ಕಾಲೇಜು" ಎಂದಳು. ಫ್ಯೂಸ್ ಪೆಟ್ಟಿಗೆಯಿಂದಾಚೆ ನನ್ನ ಪದವಿಯ ವಿಷಯ ಯಾರಾದರೂ ಎತ್ತಿ ಎಷ್ಟು ಕಾಲವಾಗಿತ್ತೋ.

ಮನೆಗೆ ಬಂದವಳು ಅವಳ ಸ್ವೆಟರ್ ತೊಟ್ಟು ಕನ್ನಡಿಯ ಮುಂದೆ ನಿಂತೆ. ನನಗೆ ಸರಿಯಾಗಿಯೇ ಇದೆ.

ಡಿಸೆಂಬರ್ 11, ಗುರುವಾರ, ಮಧ್ಯಾಹ್ನ

ಮಂಜು ಬೆಳಿಗ್ಗೆಯಿಂದ ಎದ್ದಿಲ್ಲ. ಆಚೆ ಮನೆಯ ಗೇಟೂ ಕಾಣುತ್ತಿಲ್ಲ.

ದೋನ್ಯಾ ಚಾಯೊ ಬಂದು ಹೋದಳು. ನಮ್ಮ ಬೀದಿಯ ಮಕ್ಕಳನ್ನು ವ್ಯಾನಿನಲ್ಲಿ ಕಾಲೇಜಿಗೆ ಕರೆದೊಯ್ಯುವವಳು ಅವಳೇ. ಬಾಗಿಲಲ್ಲೇ ಕುಸಿದು ಕೂತಳು. ಹೆದ್ದಾರಿಯ ಪಕ್ಕ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದಳಂತೆ. ಮಂಜಿನೊಳಗಿಂದ ಎರಡು ಗಾಡಿಗಳು ಬಂದು ಹಿಂದೊಂದು ಮುಂದೊಂದು ನಿಂತವಂತೆ. ವಲಸೆ ಪೊಲೀಸರು. ಚಾಯೊ ಇಲ್ಲೇ ಹುಟ್ಟಿದವಳು, ಅವಳನ್ನು ಬಿಟ್ಟರು. ಒಳಗಿದ್ದ ಮೂವರನ್ನು ಇಳಿಸಿಕೊಂಡರು.

"ಮೊದಲು ಫೋನ್ ಕಿತ್ಕೊಂಡ್ರು ಎವೆಲಿಯಾ. ನಿಮ್ಮುಡುಗಿ ಒಂದು ಮಾತೂ ಆಡ್ಲಿಲ್ಲ, ಮಾತಾಡದೇ ಇರೋಕೆ ಹಕ್ಕಿದೆ ಅಂತ ಬರೆದಿರೋ ಕೆಂಪು ಕಾರ್ಡ್ ತೋರ್ಸಿ ಸುಮ್ನಿದ್ಲು. ಅಳ್ಲೂ ಇಲ್ಲ. ತುಟಿ ಮಾತ್ರ ಅಲ್ಲಾಡ್ತಿತ್ತು, ಜಪ ಮಾಡೋ ಥರ."

"ಎಲ್ಲಿಗೆ ಕರ್ಕೊಂಡ್ ಹೋದ್ರು?"

"ಮಂಜಲ್ಲಿ ಯಾವ ಕಡೆ ತಿರುಗಿದ್ರು ಅಂತಾನೂ ಕಾಣ್ಲಿಲ್ಲ ಕಣೇ."

ಬೆಳಿಗ್ಗೆ ಸಿತ್ಲಾಲಿ ಸ್ವೆಟರ್ ಹುಡುಕುತ್ತಿದ್ದಳು. ನಿನ್ನೆ ನಾನು ಮತ್ತೆ ತೊಟ್ಟು, ವಾಸನೆಗೆ ಗೊತ್ತಾದೀತೆಂದು ಒಗೆದುಬಿಟ್ಟಿದ್ದೆ, ಒಣಗಿರಲಿಲ್ಲ. "ಇರ್ಲಿ ಬಿಡು, ವ್ಯಾನಲ್ಲಿ ಬೆಚ್ಚಗಿರುತ್ತೆ" ಎಂದು ತೆಳ್ಳನೆಯ ಅಂಗಿಯಲ್ಲೇ ಹೋದಳು.

ಎಲಿಸೆಯೊ ಎದ್ದು ಗೋಡೆಗೆ ಹಣೆ ಒತ್ತಿ ನಿಂತಿದ್ದಾನೆ. ನಾನು ಮಗುವನ್ನು ಕಟ್ಟಿಕೊಂಡು ಸೆಂಟರಿಗೆ ಹೊರಟೆ. ಬೇರೆ ಎಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ.

ಅದೇ ದಿನ, ರಾತ್ರಿ

ಮಿಸ್ ಗ್ರಾಸಿಯೆಲಾ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ದಾರಿ ತಪ್ಪಿ ಬಂದವರು" ಎಂದರು. ಈ ಸಲ ಹೆಸರು ಹೇಳಿದೆ. ಗಟ್ಟಿಯಾಗಿ ಹೇಳಿದೆನೇನೋ, ಒಳಗಿದ್ದವರೆಲ್ಲ ತಿರುಗಿ ನೋಡಿದರು.

"ಎವೆಲಿಯಾ ಅಂದ್ರೆ ನೀವಾ? ಎಷ್ಟು ಸಲ ಫೋನ್ ಮಾಡಿದೀವಿ ನಿಮಗೆ. ಇಲ್ಲಿ ಓದಿ ಮುಗಿಸಿದೋರಿಗೂ ಸೆಂಟರ್ ಇದೆ. ಗುರುವಾರ ವಕೀಲರ ಹತ್ರ ನಿಮ್ಮ ಕೇಸ್ ತೋರಿಸ್ಬೇಕು ಅಂತ ಸಿತ್ಲಾಲಿ ಬೇಸಿಗೆಯಿಂದ ಬೆನ್ನು ಹತ್ತಿದ್ಲು. ನೀವು ಒಂದ್ಸಲ ಎತ್ತಿ ಆ ಹೆಸರಿನವರು ಇಲ್ಲ ಅಂತ ಇಟ್ಬಿಟ್ರಿ, ಆಮೇಲೆ ಎತ್ತಲೇ ಇಲ್ಲ."

ಫೋನು ನನಗಾಗಿಯೇ ಬಂದಿತ್ತು.

ವಕೀಲರು ಆಗಲೇ ಬಂದು ಕೂತಿದ್ದರು. ಹಿಡಿದವರ ಸರ್ಕಾರಿ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಬಂದಿಲ್ಲ, ಬರುವುದು ನಾಳೆಯೋ ನಾಡಿದ್ದೋ. ಬೆಳಗಿನ ಜಾವ ಬಸ್ಸಿನಲ್ಲಿ ಬೇರೆ ರಾಜ್ಯಕ್ಕೆ ಸಾಗಿಸುತ್ತಾರಂತೆ. ಅದಕ್ಕೆ ಮೊದಲು ಎಲ್ಲಿದ್ದಾಳೆಂದು ತಿಳಿದರೆ ಅವರು ಸಾಗಿಸದಂತೆ ರಾತ್ರಿಯೇ ಅರ್ಜಿ ಹಾಕಿ ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಮತ್ತೊಂದು ಭಯವೂ ಇದೆ. ನೀನಾಗಿಯೇ ಊರಿಗೆ ಹೋಗುತ್ತೇನೆಂದು ಸಹಿ ಹಾಕು ಎಂದು ರಾತ್ರಿಯಿಡೀ ಒತ್ತುತ್ತಾರೆ. ಯಾರೂ ಇಲ್ಲ ಅನ್ನಿಸಿದವರು ಹಾಕಿಬಿಡುತ್ತಾರೆ.

"ಹೆದರ್ಬೇಡಿ" ಎಂದರು ಮಿಸ್ ಗ್ರಾಸಿಯೆಲಾ. "ಒಂದು ಫೋನ್ ಮಾಡೋಕೆ ಬಿಡ್ತಾರೆ. ಅದಕ್ಕೇ ನಾವು ಪ್ರತಿಯೊಬ್ಬರಿಗೂ ಒಂದು ನಂಬರ್ ಬಾಯಿಪಾಠ ಮಾಡಿಸೋದು. ಭಯದಲ್ಲಿ ಮರೆತುಹೋಗುತ್ತೆ, ರಾಗ ಕಟ್ಟಿ ಹಾಡ್ಕೊಳ್ಳಿ ಅಂತೀವಿ. ಸೆಂಟರ್ ನಂಬರನ್ನೇ ಕಲಿ ಅಂದೆ, ರಾತ್ರಿ ನೀವು ಇರಲ್ವಲ್ಲ ಮಿಸ್ ಅಂದ್ಲು. ಹಾಗಾದ್ರೆ ಅಣ್ಣನ ನಂಬರ್ ಹೇಳು ಅಂದೆ. ಮಿಲ್ಲಿನ ಗಲಾಟೆಯಲ್ಲಿ ಅವನಿಗೆ ಕೇಳ್ಸಲ್ಲ ಅಂದ್ಲು. ನಮ್ಮತ್ತಿಗೆ ನಿದ್ದೆನೇ ಮಾಡಲ್ಲ ಮಿಸ್, ಎಷ್ಟೊತ್ತಿಗೆ ಮಾಡಿದ್ರೂ ಒಂದೇ ರಿಂಗಿಗೆ ಎತ್ತುತ್ತಾಳೆ ಅಂದ್ಲು. ಹಾಡಿ ತೋರಿಸಿದ್ಲು ಕೂಡ. ಎಲ್ಲರೂ ನಕ್ಕಿದ್ವಿ."

ನಾನು ಕೇಳಿದೆ, ಕೊನೆಯ ನಾಲ್ಕು ಅಂಕಿ ಏನು ಎಂದು. ಅವರು ಹೇಳುವುದಕ್ಕೆ ಮುಂಚೆಯೇ ಗೊತ್ತಿತ್ತು.

ಮಿಸ್ ಗ್ರಾಸಿಯೆಲಾ ತಮ್ಮ ಫೋನಿನಲ್ಲಿ ಪೂರ್ತಿ ನಂಬರ್ ತೋರಿಸಿದರು. ನನ್ನ ಹೊಸ ಫೋನಿನಿಂದ ನಾನೇ ಅದಕ್ಕೆ ಕರೆ ಮಾಡಿದೆ. ಈ ನಂಬರ್ ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಹೇಳಿತು, ಬಹಳ ಮರ್ಯಾದೆಯಿಂದ. ಬೆಳಿಗ್ಗೆಯಿಂದ ಸಿತ್ಲಾಲಿಗೂ ಇದೇ ದನಿ ಕೇಳಿಸಿರಬಹುದು.

ಅಲ್ಲಿಂದ ದೋನ್ ಚೆಮಾನ ಅಂಗಡಿಗೆ ಓಡಿದೆ. ಶಟರ್ ಅರ್ಧ ಎಳೆದಿದ್ದ. ನಾಳೆ ಗ್ವಾದಲೂಪೆ ಮಾತೆಯ ಹಬ್ಬ, ಹೂವು ಕಟ್ಟಲು ಹೊರಟಿದ್ದ. ಬಾಗಿ ಒಳಗೆ ನುಗ್ಗಿದೆ.

"ಹಳೇ ನಂಬರ್ ಬೇಕು ದೋನ್ ಚೆಮಾ. ಅದೇ ನಂಬರ್. ಬೇರೆ ಯಾವ್ದೂ ಬೇಡ."

"ಸಾಯ್ಲಿ ಅಂದಿದ್ದೆ."

"ಅಂದಿದ್ದೆ."

ನನ್ನ ಮುಖ ನೋಡಿ ಅವನು ಬೆನ್ನು ತಿರುಗಿಸಿ ಕಂಪ್ಯೂಟರ್ ಹಾಕಿದ. ಬಿಟ್ಟ ನಂಬರನ್ನು ಕಂಪನಿಯವರು ತಕ್ಷಣ ಯಾರಿಗೂ ಕೊಡುವುದಿಲ್ಲವಂತೆ, ಸ್ವಲ್ಪ ಕಾಲ ಹಾಗೇ ಇಟ್ಟಿರುತ್ತಾರಂತೆ. ಯಾರ ಯಾರ ಜೊತೆಗೋ ಮಾತಾಡಿದ, ಕಾದ, ಬೈದ, ಮತ್ತೆ ಕಾದ. ಅಬ್ರಿಲ್ ಅತ್ತೂ ಅತ್ತೂ ನೀಲಿಯಾಯಿತು. ಅವನ ಹೆಂಡತಿ ಬಿಸಿ ಟಮಾಲೆ ತಂದು ನನ್ನ ಬಾಯಿಗೇ ಇಟ್ಟಳು. ಕತ್ತಲಾಗಿ ಬಹಳ ಹೊತ್ತಿನ ಮೇಲೆ ಅವನು ತನ್ನ ಫೋನಿನಿಂದ ಒತ್ತಿದ. ನನ್ನ ಕೈಯಲ್ಲಿ ಹಳೆಯ ನಂಬರ್ ಬಡಿದುಕೊಂಡಿತು.

"ಬದುಕ್ತು ನೋಡು" ಎಂದ. ದುಡ್ಡು ಕೊಡಲು ಹೋದರೆ ಕೈ ಮಡಚಿದ. "ಹುಡುಗಿ ಮನೆಗೆ ಬಂದ ಮೇಲೆ ಕೊಡು."

ಡಿಸೆಂಬರ್ 12, ಶುಕ್ರವಾರ, ಬೆಳಕು ಹರಿಯುವ ಮುನ್ನ

ಎಲಿಸೆಯೊ ವಕೀಲರ ಜೊತೆ ಕಾರಿನಲ್ಲಿ ಕೂತಿದ್ದಾನೆ. ಊರು ಗೊತ್ತಾದ ಕೂಡಲೇ ಹೊರಡಬೇಕು. ಅವನಿಗೂ ಅಪಾಯವೆಂದು ಹೇಳಿದರೂ ಕೇಳಲಿಲ್ಲ. ಫೋನು ಮೇಜಿನ ಮೇಲಿದೆ, ಚಾರ್ಜಿಗೆ ಹಾಕಿದೆ. ಲೈಟು ಹೋದರೆ ಎಂದು ನನ್ನ ಪದವಿಯನ್ನು ಮುಂಚೆಯೇ ಇಳಿಸಿ ಇಟ್ಟಿದ್ದೇನೆ. ಸ್ವೆಟರ್ ಒಲೆಯ ಮುಂದೆ ಒಣಗಿದೆ, ಮಡಚಿ ಅವನ ಕೈಗೆ ಕೊಟ್ಟೆ.

ಅಬ್ರಿಲ್ ಅತ್ತಿತು. ಈ ಸಲ ಪೂರ್ತಿ ಹಾಡಿದೆ, ಮೊದಲ ಅಂಕಿಯಿಂದ ಕೊನೆಯದರವರೆಗೆ. ನನ್ನ ನಂಬರ್ ಈಗ ನನಗೆ ಬಾಯಿಗೆ ಬರುತ್ತದೆ. ಮಗು ನನ್ನ ಹೆಗಲ ಮೇಲೆ ಬಾಯಿ ತೆರೆದುಕೊಂಡು ಮಲಗಿದೆ. ಇದನ್ನು ನಿನಗೆ ತೋರಿಸಬೇಕು ಸಿತ್ಲಾಲಿ. ನಿನಗಲ್ಲದೆ ಇನ್ಯಾರಿಗೂ ಇದರ ಬೆಲೆ ತಿಳಿಯುವುದಿಲ್ಲ.

ಹಿಡಿದವರನ್ನು ಕೂಡಿಹಾಕುವ ಕೋಣೆ ತಣ್ಣಗಿರುತ್ತದಂತೆ, ಅದನ್ನು ಐಸ್ ಪೆಟ್ಟಿಗೆ ಎನ್ನುತ್ತಾರಂತೆ. ನಿನ್ನ ಪಕ್ಕದಲ್ಲಿ ಯಾರೋ ಕೂತಿರುತ್ತಾಳೆ, ನಿನ್ನ ಹೆಗಲಿಗೆ ಹೆಗಲು ಒತ್ತಿಕೊಂಡು. ಅವಳ ಮೇಲೂ ನನಗೆ ಹೊಟ್ಟೆಕಿಚ್ಚು. ಆ ಜಾಗ ನನ್ನದು.

ಒಂದು ಸಲ ಒತ್ತಿ ಆ ಮರ್ಯಾದೆಯ ದನಿ ಕೇಳಿದ್ದರೆ ಅದನ್ನು ನಂಬಬೇಡ. ಇನ್ನೊಂದು ಸಲ ಕೇಳಿಕೋ. ಬಿಡದಿದ್ದರೆ ಮತ್ತೆ ಕೇಳು, ತಲೆ ತಿನ್ನು, ಬೇಸಿಗೆಯಿಡೀ ನನಗಾಗಿ ಮಿಸ್ ಗ್ರಾಸಿಯೆಲಾರ ತಲೆ ತಿಂದ ಹಾಗೆ. ಏನು ಮುಂದಿಟ್ಟರೂ ಸಹಿ ಹಾಕಬ

ದೂರದಲ್ಲಿ ಪಟಾಕಿ. ಫೋನೆಂದುಕೊಂಡೆ.

ಏನಕ್ಕೂ ಸಹಿ ಹಾಕಬೇಡ. ಯಾರೂ ಇಲ್ಲ ಅಂದುಕೊಳ್ಳಬೇಡ. ಬೀದಿಯವರು ಹೂವು ಹಿಡಿದು ಚರ್ಚಿಗೆ ಹೊರಡುತ್ತಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಮಾತೆಯನ್ನು ಎಬ್ಬಿಸುವ ಹಾಡು ಶುರುವಾಗುತ್ತದೆ, ಅದರ ಹಿಂದೆಯೇ ಬೆಳಗಾಗಿಬಿಡುತ್ತದೆ. ಪಾದ್ರಿಗಳಿಗೆ ಹೆಸರು ಕೊಟ್ಟಿದ್ದೇನೆ. ರಾತ್ರಿ ಅಂಗಡಿಯಿಂದ ಬರುವ ದಾರಿಯಲ್ಲಿ, ಮಗುವನ್ನು ಎತ್ತಿಕೊಂಡೇ ಹೋಗಿ ಹೇಳಿದೆ. ಬರೆದುಕೊಂಡರು.

ಅದಕ್ಕೇ ಇನ್ನು ಹೀಗೆ ಕರೆಯಬೇಕು, ಬಾಯಿಗೆ ರೂಢಿಯಾಗಲಿ. ಕೊಮಾದ್ರೆ, ನಾನು ಮಲಗಿಲ್ಲ. ನಂಬರ್ ಹಳೆಯದೇ ಇದೆ, ನೀವು ಹಾಡುತ್ತಿದ್ದದ್ದೇ. ಎಲ್ಲಿದ್ದೀರಿ ಎಂದು ಒಂದು ಮಾತು ಹೇಳಿದರೆ ಸಾಕು. ಕೈಮುಗಿದು ಕೇಳುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡಿ. ಒಂದೇ ರಿಂಗು. ಅಷ್ಟರೊಳಗೆ ಎತ್ತುತ್ತೇನೆ.